ಥೈರಾಯ್ಡ್ ಮಾತ್ರೆ ನುಂಗುವವಳಿಗೆ ಸೇನೆಯ ಬಾಗಿಲು ತೆರೆಯುತ್ತದೆಯೇ?

ಪ್ರಶ್ನೆ: ನನಗೆ 19 ವರ್ಷ. ಊರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ, ಎನ್‌ಸಿಸಿಯಲ್ಲಿದ್ದೇನೆ. ಸೇನೆಗೆ ಸೇರಬೇಕೆಂಬುದು ಹೈಸ್ಕೂಲಿನಿಂದ ಇರುವ ಆಸೆ. ಅಗ್ನಿವೀರ್ ಮಹಿಳಾ ಮಿಲಿಟರಿ ಪೊಲೀಸ್ ಅಥವಾ ಪದವಿ ಮುಗಿಸಿ ಅಧಿಕಾರಿ ಹುದ್ದೆ, ಯಾವುದಾದರೂ ಸರಿ. 16ನೇ ವಯಸ್ಸಿನಲ್ಲಿ ಡೆಂಗಿ ಜ್ವರ ಬಂದು ಆಸ್ಪತ್ರೆಯಲ್ಲಿದ್ದೆ. ಮನೆಗೆ ಬಂದು ಮೂರು ವಾರವಾದರೂ ಸುಸ್ತು ಹೋಗದೆ, ಕೂದಲು ಉದುರತೊಡಗಿದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು ಟಿಎಸ್‌ಎಚ್ 7.2 ಬಂತು, ಇರಬೇಕಾದ್ದಕ್ಕಿಂತ ಹೆಚ್ಚು ಎಂದರು. ಅಂದಿನಿಂದ ಥೈರಾಯ್ಡ್ ಹಾರ್ಮೋನಿನ ಮಾತ್ರೆ ಥೈರಾಕ್ಸಿನ್ ನುಂಗುತ್ತಿದ್ದೇನೆ, ಈಗ ದಿನಕ್ಕೆ 50 ಮೈಕ್ರೋಗ್ರಾಂ. ಕಳೆದ ಬಾರಿ ಟಿಎಸ್‌ಎಚ್ 3.1 ಇತ್ತು, ಸಹಜ ಎಂದರು. ಅಮ್ಮನಿಗೂ ಥೈರಾಯ್ಡ್ ಇದೆ. ವೈದ್ಯಕೀಯ ಪರೀಕ್ಷೆಗೆ ಒಂದು ತಿಂಗಳು ಮೊದಲೇ ಮಾತ್ರೆ ನಿಲ್ಲಿಸಿಬಿಡು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಸೋದರಮಾವ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಸೇನೆಯ ವೈದ್ಯಕೀಯ ದಳದಲ್ಲಿ ಕೆಲವು ವರ್ಷ ದುಡಿದು ಈಗ ಶಿವಮೊಗ್ಗದಲ್ಲಿ ರೋಗಿಗಳನ್ನು ನೋಡುತ್ತಿರುವ ನನಗೆ ಇಂಥ ಪ್ರಶ್ನೆ ಹೊಸದಲ್ಲ. ಆದರೆ ನಿಮ್ಮ ಪತ್ರದಲ್ಲಿ ನೀವೇ ಗಮನಿಸದ ಒಂದು ಸಂಗತಿ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮಾವನವರ ಸಲಹೆ.

ಅದನ್ನು ದಯವಿಟ್ಟು ಪಾಲಿಸಬೇಡಿ. ತಪ್ಪು ಎಂಬುದು ಒಂದು ಮಾತು. ಅದು ಲೆಕ್ಕಕ್ಕೂ ನಿಲ್ಲುವುದಿಲ್ಲ. ಥೈರಾಕ್ಸಿನ್ ದೇಹದಲ್ಲಿ ನಿಧಾನವಾಗಿ ಕರಗುವ ಹಾರ್ಮೋನು. ಇವತ್ತು ಇರುವುದು ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ನಿಮಗೆ ಕಾಯಿಲೆ ನಿಜವಾಗಿ ಇದ್ದರೆ, ಮಾತ್ರೆ ಬಿಟ್ಟ ಒಂದು ತಿಂಗಳಿಗೆ ಅದು ಬಹುಪಾಲು ಖಾಲಿಯಾಗಿರುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಎಬ್ಬಿಸಲು ಇನ್ನಷ್ಟು ಟಿಎಸ್‌ಎಚ್ ಸುರಿಸುತ್ತದೆ. ಅಂದರೆ ಮುಚ್ಚಿಡಬೇಕೆಂದುಕೊಂಡ ಅಂಕಿಯೇ ರಕ್ತದಲ್ಲಿ ಏರಿ ಕೂರುತ್ತದೆ. ಜೊತೆಗೆ ಸ್ನಾಯುಗಳು ಹಿಡಿದುಕೊಳ್ಳುತ್ತವೆ, ನಾಡಿ ನಿಧಾನವಾಗುತ್ತದೆ, ಮುಟ್ಟಿನ ಸ್ರಾವ ಹೆಚ್ಚುತ್ತದೆ, ಚಳಿ ತಡೆಯಲಾಗುವುದಿಲ್ಲ. ಮಹಿಳಾ ಮಿಲಿಟರಿ ಪೊಲೀಸ್ ಭರ್ತಿಯಲ್ಲಿ 1.6 ಕಿಲೋಮೀಟರನ್ನು ಏಳೂವರೆ ನಿಮಿಷದಲ್ಲಿ ಮುಗಿಸಿದವರು ಮೊದಲ ಗುಂಪು, ಎಂಟು ನಿಮಿಷದೊಳಗಿನವರು ಎರಡನೆಯ ಗುಂಪು. ವರ್ಷವಿಡೀ ನಸುಕಿನಲ್ಲಿ ಎದ್ದು ಓಡಿದ ಕಾಲುಗಳು ಆ ಅರ್ಧ ನಿಮಿಷಕ್ಕೆ ಸೋಲುವುದು ಬೇಕೆ?

ಹಾಗಾದರೆ ಮಾತ್ರೆ ನುಂಗುತ್ತಲೇ ಇದ್ದು ಬಾಯಿ ಬಿಡದೆ ಇರೋಣ ಎಂಬ ಯೋಚನೆ ಬರುತ್ತದೆ. ಬಂದೇ ಬರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಸೇನೆಯ ವೈದ್ಯಕೀಯ ನಮೂನೆಯಲ್ಲಿ ಹಿಂದಿನ ಕಾಯಿಲೆಗಳ ಬಗ್ಗೆ ಅಭ್ಯರ್ಥಿಯೇ ಉತ್ತರಿಸಿ, ನಿಜವನ್ನೇ ಹೇಳಿದ್ದೇನೆ ಎಂದು ಸಹಿ ಮಾಡುವ ಭಾಗವಿದೆ. ಆ ಸಹಿ ನಿಮ್ಮ ಸೇವೆ ಮುಗಿಯುವವರೆಗೂ ನಿಮ್ಮ ಹಿಂದೆ ಬರುತ್ತದೆ.

ನಾನು ಸೇವೆಯಲ್ಲಿದ್ದಾಗ ಎತ್ತರದ ಪ್ರದೇಶದ ಒಂದು ಠಾಣೆಯಿಂದ ಒಬ್ಬ ಹುಡುಗನನ್ನು ಕೆಳಗೆ ಕರೆತಂದಿದ್ದರು. ಹೆಸರು, ಊರು ಬೇಡ. ಮುಖ ಊದಿತ್ತು, ಧ್ವನಿ ಒಡೆದಿತ್ತು, ನಾಡಿ ನಿಮಿಷಕ್ಕೆ ಐವತ್ತನ್ನೂ ಮುಟ್ಟುತ್ತಿರಲಿಲ್ಲ. ಎತ್ತರದ ಗಾಳಿ ಒಗ್ಗಿಲ್ಲವೆಂದು ಜೊತೆಯವರು ತಿಳಿದಿದ್ದರು. ಹುಡುಗ ಥೈರಾಯ್ಡ್ ಇರುವುದನ್ನು ಮುಚ್ಚಿಟ್ಟು ಸೇರಿದ್ದ. ಎರಡು ವರ್ಷ ಟ್ರಂಕಿನ ತಳದಲ್ಲಿ ಸಾಕ್ಸಿನೊಳಗೆ ಮಾತ್ರೆ ಇಟ್ಟುಕೊಂಡು ಕದ್ದು ನುಂಗಿದ್ದ. ಆ ಠಾಣೆಯಲ್ಲಿ ಎಂಟು ಜನ ಒಂದೇ ಡೇರೆಯಲ್ಲಿ ಮಲಗುತ್ತಿದ್ದರು. ಕಂಡುಬಿಟ್ಟಾರೆಂಬ ಭಯಕ್ಕೆ ನಿಲ್ಲಿಸಿಬಿಟ್ಟ. ಚಿಕಿತ್ಸೆಗೆ ಬೇಗ ಚೇತರಿಸಿಕೊಂಡ. ಆದರೆ ನನ್ನ ಮುಂದೆ ಕುಳಿತು ಅವನು ಅತ್ತದ್ದು ಕಾಯಿಲೆಗಲ್ಲ. ಎರಡು ವರ್ಷ ಹಗಲಿರುಳು ಹೊತ್ತಿದ್ದ ಗುಟ್ಟು ಕೆಳಗಿಳಿದದ್ದಕ್ಕೆ. ನಿಮ್ಮ ಪತ್ರ ಓದುವಾಗ ನನಗೆ ಮೊದಲು ನೆನಪಾದದ್ದು ಅವನ ಮುಖ.

ಇನ್ನೊಂದು ಕಾನೂನಿನ ಮಾತು. ಸೇರುವಾಗ ಕಾಗದದಲ್ಲಿ ಕಾಯಿಲೆ ದಾಖಲಾಗಿರದಿದ್ದರೆ, ಮುಂದೆ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅಂಗವೈಕಲ್ಯ ಪಿಂಚಣಿಗಾಗಿ ಅಲೆಯುತ್ತಿದ್ದ ಎಷ್ಟೋ ಸೈನಿಕರಿಗೆ ಅದು ಆಸರೆಯಾಯಿತು. ಸೈನಿಕನ ಮಾತನ್ನು ನಂಬಬೇಕು ಎಂಬುದರ ಮೇಲೆ ನಿಂತಿರುವ ರಕ್ಷಣೆ ಅದು. ಗೊತ್ತಿದ್ದೂ ಮುಚ್ಚಿಟ್ಟವರು ಆ ಆಸರೆಯನ್ನು ತಾವೇ ಕಳೆದುಕೊಳ್ಳುತ್ತಾರೆ.

ಈಗ ನಿಯಮ ಏನು ಹೇಳುತ್ತದೆ ಎಂಬುದು. ಅಧಿಕಾರಿ ಹುದ್ದೆಗಳ ಅಧಿಸೂಚನೆಗಳ ಜೊತೆ ಪ್ರಕಟವಾಗುವ ವೈದ್ಯಕೀಯ ಮಾನದಂಡಗಳಲ್ಲಿ, ಹಾರ್ಮೋನು ಗ್ರಂಥಿಗಳ ಕಾಯಿಲೆಯನ್ನು ಸೂಚಿಸುವ ಯಾವ ಹಿನ್ನೆಲೆಯೂ ಸಾಮಾನ್ಯವಾಗಿ ತಿರಸ್ಕಾರಕ್ಕೆ ಕಾರಣ ಎಂದಿದೆ. ಥೈರಾಯ್ಡ್ ಊದಿಕೊಂಡಿದ್ದು ಹಾರ್ಮೋನಿನ ಮಟ್ಟವೂ ಏರುಪೇರಾಗಿದ್ದರೆ ತೆಗೆದುಕೊಳ್ಳುವುದಿಲ್ಲ. ಊತ ಅಲ್ಪವಾಗಿದ್ದು, ಗ್ರಂಥಿಯ ಕೆಲಸವೆಲ್ಲ ಸಹಜವಾಗಿದ್ದರೆ ತೆಗೆದುಕೊಳ್ಳಬಹುದು. ಮಧುಮೇಹ ಕಂಡರೆ ಅನರ್ಹ. ಮನೆಯಲ್ಲಿ ಯಾರಿಗಾದರೂ ಮಧುಮೇಹವಿದ್ದರೆ ಖಾಲಿ ಹೊಟ್ಟೆಯಲ್ಲಿ ಮತ್ತು ಗ್ಲೂಕೋಸ್ ಕುಡಿಸಿ ರಕ್ತ ನೋಡುತ್ತಾರೆ. ಅಗ್ನಿವೀರರಿಗೂ ಕಾಯಂ ಮಾತ್ರೆಯ ಮೇಲಿರುವ ಥೈರಾಯ್ಡ್ ರೋಗ ಅಡ್ಡಿಯೇ. ನಿಮಗೆ ಇರುವುದು ನಿಜವಾದ, ಜೀವನಪರ್ಯಂತದ ಹೈಪೋಥೈರಾಯ್ಡ್, ಅಂದರೆ ಗ್ರಂಥಿ ಸಾಕಷ್ಟು ಹಾರ್ಮೋನು ತಯಾರಿಸದ ಸ್ಥಿತಿ, ಆಗಿದ್ದರೆ ಇಂದಿನ ನಿಯಮದಲ್ಲಿ ಸೇನೆಯ ಬಾಗಿಲು ಮುಚ್ಚಿದೆ. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ, ಹೇಳಲೂಬಾರದು.

ಇದು ನ್ಯಾಯವೇ ಎಂದು ನೀವು ಕೇಳಬಹುದು. ಸೇವೆಯಲ್ಲಿರುವಾಗ ಇದೇ ಕಾಯಿಲೆ ಬಂದ ಸೈನಿಕರು ಇದೇ ಮಾತ್ರೆ ನುಂಗುತ್ತ ಕೆಲಸದಲ್ಲಿ ಮುಂದುವರಿಯುತ್ತಾರೆ. ಮನಸ್ಸು, ಕಿವಿ, ಕೈಕಾಲು, ದೇಹ, ಕಣ್ಣು ಈ ಐದನ್ನೂ ಅಳೆದು ದರ್ಜೆ ಕೊಡುವ ‘ಶೇಪ್’ ಎಂಬ ಪದ್ಧತಿ ಸೇನೆಯಲ್ಲಿದೆ. ಅಂಥವರಿಗೆ ದೇಹದ ದರ್ಜೆಯನ್ನು ಒಂದು ಮೆಟ್ಟಿಲು ಇಳಿಸಿ, ಅಗತ್ಯವಿದ್ದರೆ ಎಲ್ಲಿಗೆ ಕಳುಹಿಸಬಾರದೆಂದು ಬರೆದಿಟ್ಟು, ಕಾಲಕಾಲಕ್ಕೆ ಪರೀಕ್ಷೆ ಮಾಡುತ್ತಾರೆ. ತರಬೇತಾದ ಸೈನಿಕನನ್ನು ಉಳಿಸಿಕೊಳ್ಳುವ ಲೆಕ್ಕ ಬೇರೆ, ಹೊಸಬರನ್ನು ಆರಿಸುವ ಲೆಕ್ಕ ಬೇರೆ. ಹೊಸಬರನ್ನು ಎಲ್ಲಿಗೆ ಬೇಕಾದರೂ ಕಳುಹಿಸಲು ಸಾಧ್ಯವಾಗಬೇಕು. ಇನ್ಸುಲಿನ್ ಬೇಕಾದವರ ವಿಷಯದಲ್ಲಿ ಈ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ: ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟುಹೋಗುತ್ತದೆ, ಮರುಭೂಮಿಯ ಬಿಸಿಲಿನಲ್ಲೂ ಕೆಡುತ್ತದೆ. ಅಡ್ರಿನಲ್ ಗ್ರಂಥಿ ಸೋತವರಿಗೆ ಸ್ಟೀರಾಯ್ಡ್ ಮಾತ್ರೆ ಒಂದೆರಡು ದಿನ ತಪ್ಪಿದರೂ ಜೀವಕ್ಕೆ ಅಪಾಯ. ಥೈರಾಕ್ಸಿನ್ ಹಾಗಲ್ಲ. ಹಿಮಪಾತಕ್ಕೆ ದಾರಿ ಮುಚ್ಚಿ ಒಂದು ವಾರ ಮಾತ್ರೆ ತಲುಪದಿದ್ದರೂ ಯಾರೂ ಕುಸಿದು ಬೀಳುವುದಿಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ನಿಯಮದಲ್ಲಿ, ತೊಂದರೆಯಿಲ್ಲದೆ, ಹಿಂದಿನ 12 ತಿಂಗಳೊಳಗೆ ಟಿಎಸ್‌ಎಚ್ ಸಹಜವಾಗಿರುವ ಹೈಪೋಥೈರಾಯ್ಡ್ ಸೇರ್ಪಡೆಗೆ ಅಡ್ಡಿಯಲ್ಲ. ಅಮೆರಿಕದ ಓಟಗಾರ್ತಿ ಗೇಲ್ ಡೆವರ್ಸ್ ಥೈರಾಯ್ಡಿನ ತೀವ್ರ ಕಾಯಿಲೆಯಿಂದ ಎದ್ದು ಬಂದು, ಹಾರ್ಮೋನಿನ ಮಾತ್ರೆ ನುಂಗುತ್ತಲೇ 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ 100 ಮೀಟರ್ ಚಿನ್ನ ಗೆದ್ದರು. ನಮ್ಮ ನಿಯಮವೂ ಬದಲಾಗಬೇಕೆಂದು ವೈದ್ಯನಾಗಿ ನಾನು ಬಯಸುತ್ತೇನೆ. ಆದರೆ ನಿಮ್ಮನ್ನು ಪರೀಕ್ಷಿಸುವವರ ಮೇಜಿನ ಮೇಲಿರುವುದು ಇವತ್ತಿನ ನಿಯಮ.

ಈಗ ನಿಮ್ಮ ಪತ್ರದ ಆ ಸಂಗತಿಗೆ ಬರುತ್ತೇನೆ. ಡೆಂಗಿ. ಮೂರು ವಾರ. ಒಂದೇ ಒಂದು ಪರೀಕ್ಷೆ. 7.2.

ಮೈಮುರಿದ ಜ್ವರದಿಂದ ಚೇತರಿಸಿಕೊಳ್ಳುವ ಕಾಲದಲ್ಲಿ ಟಿಎಸ್‌ಎಚ್ ತಾನಾಗಿಯೇ ಕೆಲವು ವಾರ ಏರುತ್ತದೆ. ಕಾಯಿಲೆಯಲ್ಲಿ ಮಲಗಿದ್ದಾಗ ದೇಹ ಥೈರಾಯ್ಡಿನ ಕೆಲಸವನ್ನು ತಗ್ಗಿಸಿರುತ್ತದೆ. ಏಳುವಾಗ ಪಿಟ್ಯುಟರಿ ಅದನ್ನು ಮತ್ತೆ ತಟ್ಟಿ ಎಬ್ಬಿಸುತ್ತದೆ. ಆ ತಟ್ಟುವಿಕೆಯೇ ರಕ್ತದಲ್ಲಿ ಕಾಣುವ ಹೆಚ್ಚಿನ ಅಂಕಿ. ಅದಕ್ಕೇ ಟಿಎಸ್‌ಎಚ್ 10ರೊಳಗಿದ್ದರೆ, ಎರಡು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿ, ರಕ್ತದಲ್ಲಿರುವ ಥೈರಾಕ್ಸಿನ್ ಅಳೆಯುವ ಫ್ರೀ ಟಿ4 ಮತ್ತು ಥೈರಾಯ್ಡ್ ವಿರೋಧಿ ಪ್ರತಿಕಾಯಗಳನ್ನೂ ಪರೀಕ್ಷಿಸಿ, ಆಮೇಲೆ ಮಾತ್ರೆಯ ಮಾತೆತ್ತಬೇಕು. ನಿಮ್ಮ ಪತ್ರದಲ್ಲಿ ಮಾತ್ರೆ ಶುರುಮಾಡುವ ಮೊದಲು ಎರಡನೆಯ ಪರೀಕ್ಷೆ ಮಾಡಿದ ಸುದ್ದಿಯಿಲ್ಲ. ಹದಿಹರೆಯದಲ್ಲಿ ಸ್ವಲ್ಪ ಏರಿದ ಟಿಎಸ್‌ಎಚ್ ಔಷಧವಿಲ್ಲದೆಯೇ ಸಹಜಕ್ಕೆ ಇಳಿಯುವುದು ನಾವು ಮತ್ತೆ ಮತ್ತೆ ಕಾಣುವ ಸಂಗತಿ. ಮಾತ್ರೆ ಕೊಟ್ಟವರನ್ನು ದೂರಲು ಇದನ್ನು ಹೇಳುತ್ತಿಲ್ಲ. ಸುಸ್ತಾಗಿ, ಕೂದಲು ಉದುರಿಸಿಕೊಂಡು ಕುಳಿತ ಮಗಳನ್ನು ಕರೆತಂದು ಏನಾದರೂ ಕೊಡಿ ಎಂದು ಕೇಳುವ ತಾಯಂದಿರ ಮುಂದೆ ನಾನೂ ಕುಳಿತಿದ್ದೇನೆ. ಆದರೆ ಜ್ವರದ ನಂತರ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಕೂದಲು ಉದುರುವುದು ಸಾಮಾನ್ಯ. ಸುಸ್ತಿಗೆ ಕಬ್ಬಿಣದ ಕೊರತೆಯೂ ಕಾರಣವಾಗಿರಬಹುದಿತ್ತು. ನಿಮ್ಮ ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ನೋಡಿದ್ದಾರೆಯೇ?

ಹಾಗೆಂದು ನಿಮಗೆ ಕಾಯಿಲೆ ಇಲ್ಲವೆಂದು ನಾನು ಹೇಳುತ್ತಿಲ್ಲ. ತಾಯಿಗೆ ಇದೆ ಎಂದಿದ್ದೀರಿ, ಅದು ತೂಕದ ಮಾತು. ಇಲ್ಲಿ ನಿರ್ಣಾಯಕವಾದದ್ದು ಪ್ರತಿಕಾಯಗಳ ಪರೀಕ್ಷೆ. ಆಂಟಿ ಟಿಪಿಒ ಎಂದು ಕೇಳಿದರೆ ಲ್ಯಾಬಿನವರಿಗೆ ಗೊತ್ತಾಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆಯೇ ಥೈರಾಯ್ಡನ್ನು ಹಗೆಯೆಂದು ತಿಳಿದು ಸವೆಸುತ್ತಿದೆಯೇ ಎಂಬುದನ್ನು ಅದು ಹೇಳುತ್ತದೆ. ಟಿಎಸ್‌ಎಚ್ಚೂ ಏರಿದ್ದು ಈ ಪ್ರತಿಕಾಯವೂ ಇರುವ ಮಹಿಳೆಯರಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು ನಾಲ್ವರು ಪೂರ್ಣ ಪ್ರಮಾಣದ ಹೈಪೋಥೈರಾಯ್ಡಿಗೆ ಜಾರುತ್ತಾರೆ. ಪ್ರತಿಕಾಯ ಇದ್ದರೆ, ಕುತ್ತಿಗೆಯಲ್ಲಿ ಊತವಿದ್ದರೆ, ಹಳೆಯ ಚೀಟಿಗಳಲ್ಲಿ ಎಲ್ಲಾದರೂ ಟಿಎಸ್‌ಎಚ್ 10 ದಾಟಿದ್ದರೆ ಮಾತ್ರೆ ನಿಲ್ಲಿಸಿ ನೋಡುವ ಪ್ರಯೋಗವೇ ಬೇಡ.

ಇವು ಯಾವುವೂ ಇಲ್ಲದಿದ್ದರೆ, ಹಾರ್ಮೋನು ತಜ್ಞರು ಅಥವಾ ಅನುಭವಿ ಫಿಜಿಶಿಯನ್ ನಿಮ್ಮ ಮಾತ್ರೆಯನ್ನು ಇಳಿಸಿ ಅಥವಾ ನಿಲ್ಲಿಸಿ, ಆರರಿಂದ ಎಂಟು ವಾರಕ್ಕೆ ಒಮ್ಮೆ, ಮತ್ತೆ ಮೂರು ತಿಂಗಳಿಗೊಮ್ಮೆ ರಕ್ತ ನೋಡಬಹುದು. ಮೇಲ್ನೋಟಕ್ಕೆ ಮಾವನವರು ಹೇಳಿದ್ದೂ ಇದೂ ಒಂದೇ ಎನ್ನಿಸಬಹುದು. ಅಲ್ಲ. ಅವರು ಹೇಳಿದ್ದು ಬೇರೆಯವರಿಗೆ ಗೊತ್ತಾಗದಿರಲಿ ಎಂದು. ಇದು ನಿಮಗೇ ಗೊತ್ತಾಗಲಿ ಎಂದು. ಭರ್ತಿಯ ದಿನ ದೂರವಿರುವಾಗ, ವೈದ್ಯರು ದಿನಾಂಕ ಬರೆದು, ವರದಿ ಕೈಯಲ್ಲಿಟ್ಟುಕೊಂಡು ಮಾಡುವ ಕೆಲಸ ಇದು. ನಡುವೆ ಮೈ ಭಾರ, ಚಳಿ, ಮಲಬದ್ಧತೆ, ಮುಟ್ಟಿನ ಏರುಪೇರು ಕಂಡರೆ ಗಡುವಿಗೆ ಕಾಯದೆ ಹೋಗಿ ತೋರಿಸಬೇಕು. ಶಿವಮೊಗ್ಗದಲ್ಲೇ ಇರುವುದರಿಂದ ಮೆಗ್ಗಾನ್ ಆಸ್ಪತ್ರೆಯ ಹೊರರೋಗಿ ವಿಭಾಗ ನಿಮಗೆ ದೂರವಲ್ಲ.

ಪರೀಕ್ಷೆಗೆ ಮೊದಲು ನಿಮ್ಮ ಬೆಳಗಿನ ಅಭ್ಯಾಸವನ್ನೂ ನೋಡಿಕೊಳ್ಳಿ. ನಮ್ಮ ಮಲೆನಾಡಿನ ಮನೆಗಳಲ್ಲಿ ಕಣ್ಣು ಬಿಡುವುದೇ ಕಾಫಿಗೆ. ಮಾತ್ರೆ ನುಂಗಿದ ಹಿಂದೆಯೇ ಲೋಟ ಎತ್ತಿದರೆ ಔಷಧದ ಒಂದು ಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಇರಲಿ. ಮಳೆಗಾಲದಲ್ಲಿ ಊರಿಗೆ ಹೋದಾಗ ಮಾತ್ರೆಯ ಪಟ್ಟಿಯನ್ನು ತೇವ ಹಿಡಿದ ಗೋಡೆಯ ಗೂಡಿನಲ್ಲೋ ಬಚ್ಚಲೊಲೆಯ ಹತ್ತಿರವೋ ಇಡಬೇಡಿ. ಬಿಸಿಗೂ ತೇವಕ್ಕೂ ಥೈರಾಕ್ಸಿನ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮಳೆಗಾಲದ ಕೊನೆಗೆ ಟಿಎಸ್‌ಎಚ್ ಏರಿಸಿಕೊಂಡು ಬಂದ ಒಬ್ಬ ಅಜ್ಜಿಗೆ ಪ್ರಮಾಣ ಹೆಚ್ಚಿಸುವ ಮೊದಲು ಮಾತ್ರೆ ಎಲ್ಲಿಡುತ್ತೀರಿ ಎಂದು ಕೇಳಿದೆ. ಡಬ್ಬಿಯ ಜಾಗ ಬದಲಿಸಿದ್ದೇ ಔಷಧವಾಯಿತು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ನುಂಗುತ್ತಿದ್ದರೆ ರಕ್ತ ಕೊಡುವ ಎರಡು ಮೂರು ದಿನ ಮೊದಲು ನಿಲ್ಲಿಸಿ, ಅದು ಥೈರಾಯ್ಡ್ ಪರೀಕ್ಷೆಯ ಅಂಕಿಗಳನ್ನು ಕೆಡಿಸುತ್ತದೆ.

ಉಪ್ಪಿನ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಥೈರಾಯ್ಡ್ ಊದಿ ಕುತ್ತಿಗೆ ದಪ್ಪವಾಗುವ ಗಳಗಂಡ ನಮ್ಮ ಹಿರಿಯರಿಗೆ ಅಪರೂಪವಾಗಿರಲಿಲ್ಲ. ಘಟ್ಟದ ಮಳೆ ಮಣ್ಣಿನ ಅಯೋಡಿನ್ ಅನ್ನು ಶತಮಾನಗಳಿಂದ ಸಮುದ್ರಕ್ಕೆ ತೊಳೆದಿದೆ, ಆ ಮಣ್ಣಿನಲ್ಲಿ ಬೆಳೆದದ್ದರಲ್ಲೂ ಅದು ಕಡಿಮೆ. 1962ರಲ್ಲಿ ಸರ್ಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುಮಾಡಿದ್ದೂ, 2006ರಲ್ಲಿ ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲೆಂದು ಮಾರುವುದನ್ನು ನಿಷೇಧಿಸಿದ್ದೂ ಇದಕ್ಕೇ. ಮಿಡಿ ಉಪ್ಪಿನಕಾಯಿಗೆ ಕಲ್ಲುಪ್ಪು ಬಳಸಿ, ಚಿಂತೆಯಿಲ್ಲ. ದಿನದ ಅಡುಗೆಗೆ ಅಯೋಡಿನ್ ಇರುವ ಉಪ್ಪೇ ಇರಲಿ ಎಂದು ಅಮ್ಮನಿಗೆ ಹೇಳಿ.

ಪರೀಕ್ಷೆ ಮುಗಿದು, ಮಾತ್ರೆಯಿಲ್ಲದೆಯೂ ಎರಡು ಬಾರಿ ಟಿಎಸ್‌ಎಚ್ ಸಹಜವಾಗಿಯೇ ಇದ್ದು, ಪ್ರತಿಕಾಯವೂ ಇಲ್ಲವೆಂದಾದರೆ ನಿಮ್ಮ ಕೈಯಲ್ಲಿ ಒಂದು ನಿಜವಾದ ಅವಕಾಶವಿದೆ. ಆಗಲೂ ಹಿಂದಿನದನ್ನು ಮುಚ್ಚಿಡಬೇಡಿ. 16ನೇ ವಯಸ್ಸಿನಲ್ಲಿ ಡೆಂಗಿಯ ನಂತರ ಟಿಎಸ್‌ಎಚ್ ಏರಿತ್ತು, ಇಷ್ಟು ಕಾಲ ಮಾತ್ರೆ ನುಂಗಿದೆ, ವೈದ್ಯರು ಮರುಪರಿಶೀಲಿಸಿ ನಿಲ್ಲಿಸಿದರು, ಇಗೋ ವರದಿಗಳು ಎಂದು ಹೇಳಿ. ತೀರ್ಮಾನ ಸೇನೆಯ ವೈದ್ಯಕೀಯ ಮಂಡಳಿಯದು. ಹಿನ್ನೆಲೆಯನ್ನೇ ನೋಡಿ ಅವರು ಬೇಡವೆನ್ನುವ ಸಾಧ್ಯತೆ ಇದ್ದೇ ಇದೆ, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ಅಧಿಕಾರಿ ಹುದ್ದೆಯ ಆಯ್ಕೆಯಲ್ಲಿ ಅನರ್ಹವೆಂದರೆ 42 ದಿನದೊಳಗೆ ಮೇಲ್ಮನವಿ ವೈದ್ಯಕೀಯ ಮಂಡಳಿಯ ಮುಂದೆ ಹೋಗಬಹುದು. ಅದರಾಚೆಗಿನ ಮರುಪರಿಶೀಲನಾ ಮಂಡಳಿ ಹಕ್ಕಲ್ಲ, ಪ್ರಕರಣದಲ್ಲಿ ಹುರುಳಿದೆ ಎನ್ನಿಸಿದರೆ ಮಾತ್ರ ಕೊಡುತ್ತಾರೆ. ಅಗ್ನಿವೀರ್ ರ್ಯಾಲಿಯಲ್ಲಿಯೂ ಸೇನಾ ಆಸ್ಪತ್ರೆಯ ತಜ್ಞರಿಂದ ಮರುಪರೀಕ್ಷೆಗೆ ಅವಕಾಶವಿದೆ. ಅಲ್ಲಿ ಕೊಡುವ ಚೀಟಿಯಲ್ಲಿರುವ ದಿನಾಂಕ ಮೀರಬಾರದು. ನಿಮ್ಮ ಹಳೆಯ ವರದಿಗಳಿಗೆ ಬೆಲೆ ಬರುವುದು ಇಲ್ಲಿ. ಆದ್ದರಿಂದ 16ನೇ ವಯಸ್ಸಿನ ಆ ಮೊದಲ ಚೀಟಿ, ಡೆಂಗಿಗೆ ದಾಖಲಾಗಿದ್ದಾಗಿನ ಬಿಡುಗಡೆ ಪತ್ರ ಮನೆಯಲ್ಲಿ ಎಲ್ಲಿದ್ದರೂ ಹುಡುಕಿ ತೆಗೆಯಿರಿ.

ವಯಸ್ಸಿನ ಲೆಕ್ಕವನ್ನೂ ಮರೆಯಬೇಡಿ. ಅಗ್ನಿವೀರ್‌ಗೆ ಕೆಳಮಿತಿ ಹದಿನೇಳೂವರೆ, ಮೇಲ್ಮಿತಿಯನ್ನು ಆ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಅಧಿಕಾರಿ ಹುದ್ದೆಗೆ ಪದವಿಯ ನಂತರ ಎನ್‌ಸಿಸಿ ವಿಶೇಷ ಪ್ರವೇಶದಲ್ಲಿ 25ರವರೆಗೆ ಕಾಲವಿದೆ, ‘ಸಿ’ ಪ್ರಮಾಣಪತ್ರದಲ್ಲಿ ಕನಿಷ್ಠ ‘ಬಿ’ ಶ್ರೇಣಿ ಬೇಕು. ನಿಮ್ಮ ಜಾಗದಲ್ಲಿ ನಾನಿದ್ದರೆ ಥೈರಾಯ್ಡಿನ ಸತ್ಯ ತಿಳಿಯುವ ಮೊದಲೇ ರ್ಯಾಲಿಗೆ ಓಡದೆ, ಈ ಎರಡನೆಯ ದಾರಿಗೆ ತಯಾರಾಗುತ್ತಿದ್ದೆ. 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳಾ ಸೈನಿಕರ ಮೊದಲ ತಂಡ ಹೊರಬಂದಾಗ ನನಗಾದ ಸಂತೋಷ ಇಂದಿಗೂ ನೆನಪಿದೆ. ನೀವು ಆ ಸಾಲಿನಲ್ಲಿ ನಿಲ್ಲುವುದನ್ನು ನೋಡಲು ನನಗೂ ಇಷ್ಟ.

ನಿಮ್ಮ ಗೆಳತಿಯರಲ್ಲಿ ಪಿಸಿಓಡಿ, ಅಂದರೆ ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ, ಇರುವವರು ಯಾರಾದರೂ ಇದನ್ನು ಓದಿಯಾರು, ಅವರಿಗೊಂದು ಮಾತು. ಸ್ಕ್ಯಾನಿಂಗಿನಲ್ಲಿ ಅಂಡಾಶಯದ ಸುತ್ತ ಸಣ್ಣ ಗುಳ್ಳೆಗಳು ಕಂಡವು ಎಂಬುದಕ್ಕೇ ಆಸೆ ಬಿಡಬೇಡಿ. ಅಧಿಕಾರಿ ಹುದ್ದೆಯ ಮಾನದಂಡದಲ್ಲಿ 6 ಸೆಂಟಿಮೀಟರಿನೊಳಗಿನ ಸರಳ ನೀರುಗುಳ್ಳೆ ಅಡ್ಡಿಯಲ್ಲ. ಗಂಡಸರಂತೆ ತೀವ್ರವಾಗಿ ಕೂದಲು ಬೆಳೆಯುವುದು, ಮುಟ್ಟು ತೀರಾ ಅಸ್ತವ್ಯಸ್ತವಾಗುವುದು ತೊಂದರೆ ಕೊಡಬಹುದು. ತೂಕ ಹತೋಟಿಗೆ ಬಂದರೆ ಎಷ್ಟೋ ಜನರಲ್ಲಿ ಮುಟ್ಟು ತಾನಾಗಿ ಸರಿಹೋಗುತ್ತದೆ. ನಸುಕಿನ ಓಟ ಅವರಿಗೆ ತರಬೇತಿಯೂ ಹೌದು, ಚಿಕಿತ್ಸೆಯೂ ಹೌದು.

ಮತ್ತು ಕಾಯಿಲೆ ನಿಜವೆಂದೇ ತಿಳಿದರೆ? ಆ ದಿನ ದುಃಖವಾಗುತ್ತದೆ, ಆಗಲಿ. ಮಾತ್ರೆ ಸರಿಯಾಗಿ ನುಂಗಿದರೆ ನಿಮ್ಮ ಓಟ, ಓದು, ಮುಂದೆ ಮದುವೆ, ಮಕ್ಕಳು, ಯಾವುದಕ್ಕೂ ಅಡ್ಡಿಯಿಲ್ಲ. ಅರಣ್ಯ ಇಲಾಖೆಯ ಗಸ್ತು ಅರಣ್ಯ ಪಾಲಕರ ಕೆಲಸ, ರಾಜ್ಯದ ಪೊಲೀಸ್ ಸೇವೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ನಾಗರಿಕ ಹುದ್ದೆಗಳು, ಇವುಗಳ ವೈದ್ಯಕೀಯ ಅಳತೆಗೋಲು ಸೇನೆಯದ್ದಲ್ಲ. ಒಂದೊಂದರ ಅಧಿಸೂಚನೆಯನ್ನೂ ನೀವೇ ಓದಿ. ಕೋಚಿಂಗಿನವರ ಮಾತಿನ ಮೇಲೆ ನಿಲ್ಲಬೇಡಿ. ಅರೆಸೇನಾ ಪಡೆಗಳ ವೈದ್ಯಕೀಯ ಪರೀಕ್ಷೆಯೂ ಬಿಗಿಯಾಗಿಯೇ ಇರುತ್ತದೆ, ಅದನ್ನು ಸುಲಭದ ದಾರಿಯೆಂದು ಎಣಿಸಬೇಡಿ.

ನಾಳೆ ಬೆಳಿಗ್ಗೆ ಎಂದಿನಂತೆ ಮಾತ್ರೆ ನುಂಗಿ. ಈ ವಾರ ಸಮಯ ಮಾಡಿಕೊಂಡು ಟಿಎಸ್‌ಎಚ್, ಫ್ರೀ ಟಿ4, ಆಂಟಿ ಟಿಪಿಒ, ಹಿಮೋಗ್ಲೋಬಿನ್, ಫೆರಿಟಿನ್ ಇಷ್ಟನ್ನು ಮಾಡಿಸಿ. ರಕ್ತ ಕೊಡುವ ದಿನ ಮಾತ್ರ ಕೊಟ್ಟಾದ ಮೇಲೆ ಮಾತ್ರೆ ತೆಗೆದುಕೊಳ್ಳಿ. ಸೋದರಮಾವನವರಿಗೆ ಈ ಉತ್ತರವನ್ನು ತೋರಿಸಿ, ಅವರು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದಾರೆ. ವರದಿ ಬಂದ ಮೇಲೆ ಹಳೆಯ ಚೀಟಿಯ ಜೊತೆ ಮತ್ತೆ ಬರೆಯಿರಿ. ಆಂಟಿ ಟಿಪಿಒ ಅಂಕಿಯನ್ನು ಮೊದಲ ಸಾಲಿನಲ್ಲೇ ಬರೆಯಿರಿ, ನಾನು ಕಾಯುತ್ತಿರುವುದು ಅದಕ್ಕೇ.